ರಾಶಿಗೊಂದೇ ಲಾಭ

ಮುದುಕಮ್ಮ ಶಂಭುಲಿಂಗನನ್ನು ಮೊದಲ ಸಲ ನೋಡಿದ ದಿನ ಅವನು ತಕ್ಕಡಿಯಲ್ಲಿ ಕೂತಿದ್ದ. ಆಗ ಅವನಿಗೆ ಆರು ವರ್ಷ. ಕಂಪ್ಲಿಯ ಜಡೆಪ್ಪ ಸಾವ್ಕಾರರ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಅವತ್ತು ಮೊಮ್ಮಗನ ತುಲಾಭಾರ. ಹುಡುಗನಿಗೆ ವಿಷಮಜ್ವರ ಬಂದಾಗ, ಉಳಿದರೆ ಅವನ ತೂಕದಷ್ಟು ಬೆಲ್ಲವನ್ನು ಮಠಕ್ಕೆ ಕೊಡುತ್ತೇನೆಂದು ಸಾವ್ಕಾರರು ಹರಕೆ ಹೊತ್ತಿದ್ದರು. ಹುಡುಗ ಉಳಿದುಕೊಂಡ. ಆಗ ಸಾವ್ಕಾರರಿಗೆ ಬೆಲ್ಲದ ಚಿಂತೆ ಹತ್ತಿತು.

“ಉಡಿದಾರ ಬಿಚ್ರಿ, ಬೆಳ್ಳೀದೈತಿ. ಬೂಟು ಬಿಡಸ್ರಿ ಮೊದ್ಲು. ದೇವರ ಕೆಲಸಕ್ಕ ಬೂಟು ಯಾಕ?” ಎಂದು ಅವರು ಮಗ್ಗುಲಲ್ಲೇ ನಿಂತು ಹೇಳುತ್ತಿದ್ದರು. ಎದುರಿಗೆ ಗದ್ದುಗೆಯ ಮೇಲೆ ಕೂತಿದ್ದ ಮಠದ ಸ್ವಾಮಿಗಳಿಗೆ ಅದು ಭಕ್ತಿಯ ಹಾಗೆ ಕಂಡಿರಬೇಕು.

ತಕ್ಕಡಿ ಹಿಡಿದಿದ್ದವನು ಮುದುಕಮ್ಮನ ಗಂಡ ಪಕೀರಪ್ಪ. ಮಿಲ್ಲಿನಲ್ಲಿ ಅವನಿಗೆ ತೂಕದ ಪಕೀರಪ್ಪ ಎಂದೇ ಹೆಸರು. ಮುದುಕಮ್ಮ ಅದೇ ಅಂಗಳದಲ್ಲಿ ನುಚ್ಚು ಕೇರುತ್ತಿದ್ದಳು. ಹೆಸರಷ್ಟೇ ಮುದುಕಮ್ಮ, ಅಜ್ಜಿಯ ಹೆಸರು ಇಟ್ಟಿದ್ದರು; ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಪಕೀರಪ್ಪ ಬೆಲ್ಲದ ಪೆಂಟೆಗಳನ್ನು ಒಂದೊಂದಾಗಿ ತಕ್ಕಡಿಗೆ ಇಡುತ್ತ “ಲಾಭ... ಎರಡು... ಮೂರು...” ಎಂದು ಎಣಿಸುತ್ತಿದ್ದ. ರಾಶಿ ಅಳೆಯುವವರು, ತೂಗುವವರು ಆ ಕಡೆ ‘ಒಂದು’ ಎಂದು ಬಾಯಿ ಬಿಡುವುದಿಲ್ಲ. ಒಂದು ಎಂದರೆ ಒಂಟಿಯಾಯಿತು, ಅಲ್ಲಿಗೇ ನಿಂತಿತು ಎಂದು ಅಂಜಿಕೆ. ಮೊದಲನೆಯದು ಯಾವಾಗಲೂ ಲಾಭ. ಲಾಭ ಎಂದರೆ ಒಂದು ಎಂದೇ ಲೆಕ್ಕ, ಅದನ್ನು ಬಿಟ್ಟು ಎಣಿಸುವುದಲ್ಲ. ಮಿಲ್ಲಿನ ಅಂಗಳದಲ್ಲಿ ಆಡುವ ಮಕ್ಕಳಿಗೆಲ್ಲ ಅದು ಗೊತ್ತಿತ್ತು.

ಲೆಕ್ಕ ಹಾಕಿ ತಂದಿದ್ದ ಬೆಲ್ಲವೆಲ್ಲ ಮುಗಿದರೂ ಹುಡುಗನ ಕಡೆಯ ತಟ್ಟೆ ಏಳಲಿಲ್ಲ. ಮುದುಕಮ್ಮ ಮೊರ ಕೆಳಗಿಟ್ಟು ನೋಡಿದಳು. ಹುಡುಗನ ಚಡ್ಡಿಯ ಒಂದು ಕಿಸೆ ಜೋತು ಬಿದ್ದಿತ್ತು.

“ತಮ್ಮಾ, ಕಿಸೆದಾಗ ಏನೈತಿ?”

ಕಿಸೆಯಲ್ಲಿದ್ದದ್ದು ಮಿಲ್ಲಿನದೇ ಕಬ್ಬಿಣದ ಅರ್ಧ ಕೆಜಿಯ ತೂಕದ ಕಲ್ಲು. ಹಿಂದಿನ ವರ್ಷ ಅವನ ದೊಡ್ಡಪ್ಪನ ಮಗನಿಗೆ ತುಲಾಭಾರವಾದಾಗ ಎಲ್ಲರೂ “ಎಂಥಾ ತೂಕದ ಹುಡುಗ” ಎಂದು ಹೊಗಳಿದ್ದರಂತೆ. ಇವನಿಗೂ ಹಾಗೆ ಅನ್ನಿಸಿಕೊಳ್ಳಬೇಕಿತ್ತು. ಅಜ್ಜ ಈ ಕಡೆಯಿಂದ ತೂಕ ಇಳಿಸುತ್ತಿದ್ದರೆ ಮೊಮ್ಮಗ ಆ ಕಡೆಯಿಂದ ಏರಿಸುತ್ತಿದ್ದ. ಕಲ್ಲು ಹೊರಗೆ ಬಂದಾಗ ಹುಡುಗ ಅಳಲಿಲ್ಲ, ಹೆದರಲಿಲ್ಲ. ಬೆರಳು ತೋರಿಸಿದ.

“ಇಕಿನ ಇಟ್ಲು.”

ಜಡೆಪ್ಪ ಸಾವ್ಕಾರರಿಗೆ ನಿಜ ಗೊತ್ತಾಗಿತ್ತು. ಅವರು ಮುದುಕಮ್ಮನ ಹತ್ತಿರ ಬಂದು ಕೆಳದನಿಯಲ್ಲಿ, “ಹೂಂ ಅಂದುಬಿಡು. ಸ್ವಾಮ್ಯಾರು ನೋಡಕತ್ಯಾರ. ಹರಕಿ ಹುಡುಗ ಹುಸಿ ಆಡಿದ ಅಂದ್ರ ಚಲೋ ಅಲ್ಲ” ಎಂದರು. ಸಾವ್ಕಾರರ ಮಾತು, ಅವರ ಮಿಲ್ಲು. ಮುದುಕಮ್ಮ, “ಹೌದ್ರಿ, ನಾನ ಇಟ್ಟೆ. ಆಟಕ್ಕ” ಎಂದಳು.

ಪಕೀರಪ್ಪ ಮೂರು ದಿನ ಅವಳ ಕೈಯಿಂದ ಉಣ್ಣಲಿಲ್ಲ. ತಾನೇ ರೊಟ್ಟಿ ಬಡಿದುಕೊಂಡ. ನಾಲ್ಕನೆಯ ದಿನ ಇಷ್ಟೇ ಹೇಳಿದ: “ಬ್ಯಾರೆ ಏನಾರ ಸುಳ್ಳು ಹೇಳು, ನಾ ಕೇಳಾಂಗಿಲ್ಲ. ತೂಕದ ಸುಳ್ಳು ಮಾತ್ರ ಇನ್ನೊಮ್ಮಿ ಹೇಳಬ್ಯಾಡ. ನನ್ನ ಮಾತು ಊರಾಗ ನಡಿಯಾದು ಅದೊಂದರ ಮ್ಯಾಲೆ.”

ಮುದುಕಮ್ಮ ಆಮೇಲೆ ಹೇಳಲಿಲ್ಲ. ಪಕೀರಪ್ಪ ತೀರಿಕೊಂಡ, ಮಿಲ್ಲು ಮಾರಿ ಹೋಯಿತು, ಲಾರಿ ನಿಂತಲ್ಲೇ ತೂಗುವ ಯಂತ್ರ ಬಂತು, ಆದರೂ ಹೇಳಲಿಲ್ಲ. ಆ ಒಂದು ಸುಳ್ಳು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಉಳಿದುಕೊಂಡಿತ್ತು.

ಶಂಭುಲಿಂಗ ಆಮೇಲಿನ ಮೂವತ್ತೆಂಟು ವರ್ಷ ಏನು ಮಾಡಿದ ಎಂದು ಹೇಳುವುದಾದರೆ ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಹೇಳಿಬಿಡಬಹುದು. ಸಂಡೂರಿನಲ್ಲಿ ಓದಲು ಬಿಟ್ಟರು, ಓದಲಿಲ್ಲ. ಮಿಲ್ಲಿನ ಗಾದಿಯ ಮೇಲೆ ಕೂರಿಸಿದರು. ಕಪ್ಪು ಕನ್ನಡಕ ಹಾಕಿಕೊಂಡು ಕೂತ, ಹೊಸ ಭತ್ತ ಯಾವುದು ಹಳೆಯದು ಯಾವುದು ಎಂದು ಮೂಸಿದರೂ ತಿಳಿಯುತ್ತಿರಲಿಲ್ಲ. ಅದಿರಿನ ಕಾಲ ಬಂದಾಗ ಸಂಡೂರಿಗೆ ಹೋಗಿ ಗಣಿಯವರ ಹಿಂದೆ ಮುಂದೆ ತಿರುಗಿದ. ಯಾರದೋ ಹೆಲಿಕಾಪ್ಟರಿನ ಬಾಗಿಲಿಗೆ ಕೈ ಇಟ್ಟು ಫೋಟೋ ತೆಗೆಸಿಕೊಂಡು ಕಟ್ಟು ಹಾಕಿಸಿದ. ಹೆಲಿಕಾಪ್ಟರು ಹಾರಿಹೋಯಿತು, ಅದಿರು ನಿಂತುಹೋಯಿತು, ಫೋಟೋ ಮಾತ್ರ ಗೋಡೆಯ ಮೇಲೆ ಉಳಿಯಿತು. ಆಮೇಲೆ ಹಂಪಿಯಲ್ಲಿ ಪ್ರವಾಸಿಗಳನ್ನು ಹಿಡಿಯತೊಡಗಿದ. ಅಲ್ಲಿ ರಾಯರು ಮುತ್ತು ರತ್ನಗಳಲ್ಲಿ ತಮ್ಮನ್ನು ತೂಗಿಸಿಕೊಳ್ಳುತ್ತಿದ್ದರೆಂದು ತೋರಿಸುವ ತುಲಾಭಾರದ ಕಲ್ಲುಕಂಬಗಳಿವೆಯಲ್ಲ, ಅದರ ಕೆಳಗೆ ನಿಂತು, “ಆಗ ತಕ್ಕಡಿ ಹಿಡೀತಿದ್ದೋರು ನಮ್ಮ ವಂಶದವರು” ಎಂದು ಹೇಳುತ್ತಿದ್ದ. ಅವನ ವಂಶದವರು ತಕ್ಕಡಿಯನ್ನು ಹಿಡಿಯುತ್ತಿರಲಿಲ್ಲ, ಒತ್ತುತ್ತಿದ್ದರು. ಹಿಡಿದವರ ವಂಶದ ಹೆಂಗಸು ಆಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮಗಳು ಭಾಗ್ಯಳ ಮನೆಯಲ್ಲಿದ್ದು, ಅವರಿವರ ಮನೆಯ ಅಕ್ಕಿ ಹಸನು ಮಾಡಿಕೊಡುತ್ತಿದ್ದಳು.

ಆಗ ಬಂತು ವಿಮಾನ.

ಅದರ ಹೆಸರು ಕಿಷ್ಕಿಂಧಾ ಹಾಲಿಡೇ ಏರ್. ಆಸ್ಪತ್ರೆ, ಕೋರ್ಟು, ಮದುವೆ ಎಂದು ಹೋಗುವವರಿಗಲ್ಲ ಅದು, ರಜೆಯವರಿಗೆ ಮಾತ್ರ. ಗೋವೆಯ ಸಮುದ್ರದಲ್ಲಿ ಬಿದ್ದು ಬೇಸರ ಬಂದವರನ್ನು ಎತ್ತಿಕೊಂಡು ಬಂದು ಎರಡು ದಿನ ಹಂಪಿ ತೋರಿಸಿ ಮತ್ತೆ ಸಮುದ್ರಕ್ಕೆ ಬಿಡುವ ವಿಮಾನ. ಪೈಲಟ್ ಪಕ್ಕದ್ದು ಬಿಟ್ಟು ಒಂಬತ್ತು ಸೀಟು. ದಸರೆಯಿಂದ ಶಿವರಾತ್ರಿಯವರೆಗೆ, ವಾರಕ್ಕೆ ಮೂರು ದಿನ. ಬಿಸಿಲು ಬಂದರೆ ವಿಮಾನವೂ ರಜೆಗೆ ಹೋಗುತ್ತಿತ್ತು. ಸಂಡೂರಿನ ಆಚೆ ಗಣಿ ಕಾಲದ ಹಳೆಯ ರನ್‌ವೇ ಒಂದಿತ್ತು, ಸುತ್ತ ಬಳ್ಳಾರಿ ಜಾಲಿ ಬೆಳೆದಿತ್ತು. ಅದನ್ನೇ ಸವರಿ, ತಗಡಿನ ಶೆಡ್ಡಿಗೆ ಬಣ್ಣ ಹಚ್ಚಿ ಏರ್‌ಪೋರ್ಟ್ ಎಂದರು. ಹೊಸಪೇಟೆಯ ಆಟೋದವರು ಅದಕ್ಕೆ ಇಟ್ಟ ಹೆಸರು ಮಂಗ್ಯಾನ ವಿಮಾನ.

ಶಂಭುಲಿಂಗ ಅಲ್ಲಿ ಸ್ಟೇಷನ್ ಮ್ಯಾನೇಜರ್ ಆದ. ಹೇಗಾದ ಎಂದರೆ, ಹೆಲಿಕಾಪ್ಟರಿನ ಫೋಟೋ ತೋರಿಸಿ. ಬಿಳಿ ಅಂಗಿ, ಕರಿ ಟೈ, ಎತ್ತರದ ಹಿಮ್ಮಡಿಯ ಮಿಂಚುವ ಬೂಟು. ಪೈಲಟ್ ಸುಷ್ಮಿತಾಳ ಭುಜದ ಮೇಲೆ ಬಂಗಾರದ ಬಣ್ಣದ ನಾಲ್ಕು ಪಟ್ಟಿ ಇದ್ದವು. ಕಂಪನಿ ಇವನಿಗೆ ಒಂದನ್ನೂ ಕೊಟ್ಟಿರಲಿಲ್ಲ. ಹೊಸಪೇಟೆಯ ದರ್ಜಿಯ ಹತ್ತಿರ ಹೋಗಿ ತಾನೇ ಹೊಲಿಸಿಕೊಂಡು ಬಂದ. ಐದು.

ಮನೆಯಲ್ಲೂ ಅದೇ ಆಟ. ಅವನ ಹೆಂಡತಿ ಶೈಲಜಾ ಕಂಪ್ಲಿಯಲ್ಲಿ ಟೀಚರು. ಒಂದು ಮದುವೆಯಲ್ಲಿ ಮುದುಕಮ್ಮನ ಮಗ್ಗುಲಿಗೆ ಊಟಕ್ಕೆ ಕೂತವಳು ಹೇಳಿದ್ದಳು: “ಅನ್ನ ತಡ ಆದ್ರ ‘ಪ್ರಯಾಣಿಕರ ಗಮನಕ್ಕೆ’ ಅಂತಾರ ನೋಡ್ರಿ. ನಾ ಅಂದೆ, ಇವತ್ತಿನ ಫ್ಲೈಟು ರದ್ದಾಗೇತಿ, ಖಾನಾವಳಿಗೆ ಹೋಗ್ರಿ ಅಂತ.”

ಮುದುಕಮ್ಮ ಆ ಶೆಡ್ಡಿಗೆ ಕಸ ಹೊಡೆಯಲು ಸೇರಿದಳು. ರನ್‌ವೇ ಮೇಲಿನ ಕುರಿ ಹಿಕ್ಕೆ ಬಳಿಯುವುದೂ ಅದರಲ್ಲೇ ಸೇರಿತ್ತು. ಶಂಭುಲಿಂಗ ಅವಳನ್ನು ಗುರುತು ಹಿಡಿದ, ಹಿಡಿಯದವನ ಹಾಗೆ ಇದ್ದ. ಜನ ಇಲ್ಲದಾಗ “ಲೇ ಮುದುಕಮ್ಮ, ಜಲ್ದಿ ಬಳಿ”. ವಿಮಾನ ಇಳಿದ ಮೇಲೆ “ಅಮ್ಮಾ, ಸ್ವಲ್ಪ ಬರ್ರಿ”. ಒಂದು ಸಲ ದಿಲ್ಲಿ ಕಡೆಯ ಹೆಂಗಸೊಬ್ಬಳಿಗೆ ಮುದುಕಮ್ಮ ಎಂದರೆ ಏನೆಂದು ಯಾರೋ ತಿಳಿಸಿದರು. ವಯಸ್ಸಾದವರನ್ನು ಹೀಗೆ ಹಂಗಿಸುತ್ತೀರಾ ಎಂದು ಅವಳು ಇವನನ್ನು ಬೈದಳು. ಅದು ಅವಳ ಹೆಸರೇ ಎಂದು ಹೇಳುವಷ್ಟು ಇಂಗ್ಲಿಷು ಇವನಿಗೆ ಆ ಹೊತ್ತಿಗೆ ಒದಗಲಿಲ್ಲ. ಮರುದಿನವೇ ಮುದುಕಮ್ಮನ ಎದೆಯ ಮೇಲೆ ‘ಮುದ್ದು’ ಎಂಬ ಬಿಲ್ಲೆ ಬಂತು. ಅರವತ್ತೇಳು ವರ್ಷದ ಮುದ್ದು. ಅವಳು ಅದನ್ನು ಮನೆಗೆ ಹೋಗುವಾಗ ಕಿತ್ತು ಸೆರಗಿನ ಒಳಗೆ ಕಟ್ಟಿಕೊಳ್ಳುತ್ತಿದ್ದಳು.

ಸಣ್ಣ ವಿಮಾನ ಆದ್ದರಿಂದ ಏರುವವರನ್ನೂ ಅವರ ಗಂಟನ್ನೂ ತೂಗಲೇಬೇಕಿತ್ತು. ಭಾರ ಹೆಚ್ಚಾದರೆ ವಿಮಾನ ಏಳುವುದಿಲ್ಲ, ಅಷ್ಟು ಮುದುಕಮ್ಮನಿಗೂ ತಿಳಿಯುತ್ತಿತ್ತು. ಆದರೆ ರಜೆಗೆ ಬಂದವರಿಗೆ ತೂಕದ ಯಂತ್ರದ ಮೇಲೆ ನಿಲ್ಲಿ ಎಂದರೆ ಮುಖ ಸಣ್ಣದಾಗುತ್ತಿತ್ತು. ಶಂಭುಲಿಂಗ ಉಪಾಯ ಹುಡುಕಿದ. ಯಂತ್ರಕ್ಕೆ ಚೆಂಡು ಹೂವಿನ ಸರ ಸುತ್ತಿಸಿ ‘ರಾಯಲ್ ತುಲಾಭಾರ’ ಎಂದು ಬೋರ್ಡು ಹಾಕಿದ. ಇಬ್ಬರು ಹುಡುಗಿಯರು ಆರತಿ ತಟ್ಟೆ ಹಿಡಿದು ನಿಲ್ಲುವರು. ಒಬ್ಬೊಬ್ಬರೂ ಯಂತ್ರದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವರು. ಅಂಕಿ ತೋರುವ ಗಾಜನ್ನು ತನ್ನ ಕಡೆ ತಿರುಗಿಸಿಕೊಂಡು ಇವನು ಕೂಗುವನು. ಎಪ್ಪತ್ತೆಂಟು ತೋರಿಸಿದರೆ “ಸೆವೆಂಟಿ ಓನ್ಲಿ, ಮಹಾರಾಣಿ!” ಎನ್ನುವನು. ಮಹಾರಾಣಿ ಹಿಗ್ಗುವಳು.

ಆರತಿ ಎತ್ತುವ ಹೊತ್ತಿಗೆ ಮುದುಕಮ್ಮನಿಗೆ, “ಅಮ್ಮಾ, ಆ ನೀರಿನ ಟಾಕಿ ಹಿಂದ ಸರೀರಿ, ಫೋಟೋದಾಗ ಬರ್ತೀರಿ” ಎನ್ನುತ್ತಿದ್ದ. ಫೋಟೋದ ಮಾತಲ್ಲ ಅದು. ಗಂಡ ಸತ್ತವಳು ಆರತಿಯ ಎದುರು ನಿಲ್ಲಬಾರದೆಂದು ನೇರ ಹೇಳುವ ಧೈರ್ಯ ಆ ಐದು ಪಟ್ಟಿಗಳಿಗೆ ಇರಲಿಲ್ಲ. ಮುದುಕಮ್ಮ ಟಾಕಿಯ ಹಿಂದೆ ನಿಂತು ಬಂದವರನ್ನು ಕಣ್ಣಲ್ಲೇ ತೂಗುತ್ತಿದ್ದಳು. ರೂಢಿ.

ಅವಳ ಕೈಯ ಗುಣ ಹೊರಗೆ ಬಿದ್ದದ್ದು ಒಂದು ಸೋಮವಾರ. ಯಂತ್ರದ ಸೆಲ್ಲು ಸತ್ತಿತ್ತು. ಹೊಸ ಸೆಲ್ಲು ತರಿಸಿ ಇಡುವುದು ಶಂಭುಲಿಂಗನ ಕೆಲಸ. ಹೂವು ಮರೆಯುತ್ತಿರಲಿಲ್ಲ, ಸೆಲ್ಲು ಮರೆಯುತ್ತಿದ್ದ. ಪೈಲಟ್ ಸುಷ್ಮಿತಾ ತೂಕ ಇಲ್ಲದೆ ಏಳುವುದಿಲ್ಲ ಎಂದು ಕೂತುಬಿಟ್ಟಳು. ಮುದುಕಮ್ಮ ಕಸಬರಿಗೆ ಗೋಡೆಗೆ ಆನಿಸಿ, ಮಿಲ್ಲಿನಲ್ಲಿ ಚೀಲದ ಕಿವಿ ಹಿಡಿದು ಎತ್ತಿ ನೋಡುತ್ತಿದ್ದಂತೆ ಒಂದು ಬ್ಯಾಗಿನ ಹಿಡಿ ಹಿಡಿದು ಅರ್ಧ ಮೊಳ ಎತ್ತಿ ಇಳಿಸಿದಳು.

“ಹದಿನಾಕೂವರಿ.”

ಶಂಭುಲಿಂಗ ನಕ್ಕ. ಸುಷ್ಮಿತಾ ನಗಲಿಲ್ಲ. ಸಂಡೂರಿನಿಂದ ಸೆಲ್ಲು ಬಂದ ಮೇಲೆ ಯಂತ್ರ ಹದಿನಾಲ್ಕೂವರೆ ಎಂದಿತು. ಇನ್ನೂ ಆರು ಬ್ಯಾಗು ಎತ್ತಿಸಿ ನೋಡಿದಳು, ಒಂದೂ ತಪ್ಪಲಿಲ್ಲ. “ಅಮ್ಮ, ಇನ್ಮೇಲೆ ಬ್ಯಾಗುಗಳನ್ನ ನೀವೇ ಎಣಿಸಿ, ನೀವೇ ತೂಕ ಕೂಗಿ. ಯಂತ್ರ ಇದ್ದರೂ ನೀವು ಒಂದು ಸಲ ಎತ್ತಿ ನೋಡಿ” ಎಂದಳು. ಯಾರೂ ಕೇಳದೆ ಎಷ್ಟೋ ವರ್ಷದಿಂದ ಸುಮ್ಮನಿದ್ದ ಕೈ ಅದು. ಅವತ್ತು ಕಂಪನಿಯ ವ್ಯಾನಿನಲ್ಲಿ ಮನೆಗೆ ಬರುವಾಗ ಮುದುಕಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡು ಕೂತಿದ್ದಳು.

ಅಂದಿನಿಂದ ಅವಳು “ಲಾಭ, ಹನ್ನೆರಡು. ಎರಡು, ಒಂಬತ್ತೂವರಿ” ಎಂದು ಕೂಗುವಳು, ಶಂಭುಲಿಂಗ ಹಾಳೆಯ ಮೇಲೆ ಬರೆಯುವನು. ಬ್ಯಾಗಿನದು ಎಲ್ಲಾ ಸೇರಿಸಿ ಒಂದು ಮೊತ್ತ, ಮನುಷ್ಯರದು ಒಬ್ಬೊಬ್ಬರದಾಗಿ. ಬ್ಯಾಗಿನದನ್ನು ಸರಿಯಾಗಿಯೇ ಬರೆಯುತ್ತಿದ್ದ, ಬ್ಯಾಗು ಹೊಗಳಿಕೆ ಕೇಳುವುದಿಲ್ಲವಲ್ಲ. ಮನುಷ್ಯರದು ಮಾತ್ರ ಬಾಯಲ್ಲಿ ಕೂಗಿದ್ದನ್ನೇ ಬರೆಯುತ್ತಿದ್ದ. ಅದನ್ನು ಮುದುಕಮ್ಮ ಎರಡನೆಯ ವಾರಕ್ಕೇ ಹಿಡಿದಳು. ಓದಲು ಬಾರದಿದ್ದರೂ ಅಂಕಿ ಬರುತ್ತಿತ್ತು.

“ಸಾವ್ಕಾರ್ರ, ಬಾಯಾಗ ಬೇಕಾದಷ್ಟು ಕಮ್ಮಿ ಹೇಳ್ರಿ. ಹಾಳಿ ಮ್ಯಾಲ ಖರೇ ಬರೀರಿ.”

“ನಿನಗ್ಯಾಕ ಬೇಕು? ಅವ್ರಿಗೆ ಹಾಳಿ ಕಾಣಸ್ತೈತಿ. ರಜಾಕ್ಕ ಬಂದೋರು, ಬ್ಯಾಸರ ಮಾಡ್ಕೋಬಾರ್ದು.”

“ವಿಮಾನಕ್ಕ ಬ್ಯಾಸರ ಆದ್ರ?”

“ಕಸ ಹೊಡ್ಯಾಕ ಬಂದಿ, ಕಸ ಹೊಡಿ” ಎಂದ.

ಅವನು ಮಾತ್ರ ಒಂದು ದಿನವೂ ಆ ಯಂತ್ರವನ್ನು ಹತ್ತಲಿಲ್ಲ. ಹದಿನೈದು ದಿನಕ್ಕೊಮ್ಮೆ ಮೀಟಿಂಗ್ ಎಂದು ಹೇಳಿ ಪೈಲಟ್ ಪಕ್ಕದ ಸೀಟಿನಲ್ಲಿ ಕೂತು ಗೋವೆಗೆ ಹೋಗಿಬರುತ್ತಿದ್ದ. ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ತಾನೇ ಅರವತ್ತು ಎಂದು ಬರೆಯುತ್ತಿದ್ದ. ಆರು ವರ್ಷದವನಿದ್ದಾಗ ಕಲ್ಲು ಇಟ್ಟುಕೊಂಡು ಭಾರವಾಗಲು ನೋಡಿದವನು ನಲವತ್ತು ದಾಟಿದ ಮೇಲೆ ಬರವಣಿಗೆಯಲ್ಲಿ ಹಗುರಾಗುತ್ತಿದ್ದ.

ಸಂಕ್ರಾಂತಿ ಆದ ವಾರ ಪುಣೆಯ ಒಂಬತ್ತು ಜನ ಬಂದರು. ನಾಲ್ಕು ಜೋಡಿ, ಒಬ್ಬಳು ಅತ್ತೆ. ಚೆನ್ನಾಗಿ ಉಂಡು ಬೆಳೆದವರು, ತಮಾಷೆಯ ಜನ. ಹಂಪಿಯಿಂದ ಕಲ್ಲಿನ ಆನೆ ತಂದಿದ್ದರು. ಹೊರಡುವ ದಿನ ತುಲಾಭಾರ ಬಹಳ ರಂಗೇರಿತು. ಶಂಭುಲಿಂಗ ಒಬ್ಬೊಬ್ಬರದನ್ನೂ ಏಳು, ಎಂಟು ಕೆಜಿ ಕಮ್ಮಿ ಕೂಗಿದ. ಅತ್ತೆಯದನ್ನು ಹನ್ನೊಂದು ಕಮ್ಮಿ ಕೂಗಿದ್ದಕ್ಕೆ ಅಳಿಯ ಚಪ್ಪಾಳೆ ತಟ್ಟಿದ. ಕೂಗಿದ್ದನ್ನು ಬರೆದು, ಹಾಳೆಯನ್ನು ಸುಷ್ಮಿತಾಳ ಕೈಗೆ ಕೊಟ್ಟು, ಇವನೂ ಹತ್ತಿ ಕೂತ.

ಮುದುಕಮ್ಮ ಟಾಕಿಯ ಹತ್ತಿರ ನಿಂತು ನೋಡಿದಳು. ವಿಮಾನ ಓಡಿತು. ದಿನ ಏಳುವ ಜಾಗ ಬಂತು, ಏಳಲಿಲ್ಲ. ಮುಂದೆ ಗುರುತಿಗೆ ನೆಟ್ಟ ಬಿಳಿ ಕಲ್ಲು ಬಂತು, ಏಳಲಿಲ್ಲ. ಅವಳಿಗೆ ಬಾಯಲ್ಲಿ ದೇವರ ಹೆಸರು ಬರಲಿಲ್ಲ, ಬರೀ ತೂಕ ಬಂತು. ಕಡೆಗೆ ರನ್‌ವೇ ಮುಗಿಯುವಲ್ಲಿ ಗಾಲಿ ಎತ್ತಿತು. ಬಳ್ಳಾರಿ ಜಾಲಿಯ ಬೇಲಿ ಪರಪರ ಎಂದಿತು. ವಿಮಾನ ಗುಡ್ಡದ ಆಚೆ ಹೋಗಿ ಸಣ್ಣದಾಯಿತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

ಯಾರಿಗೂ ಏನೂ ಆಗಲಿಲ್ಲ. ಗೋವೆಯಲ್ಲಿ ಇಳಿದಾಗ ಗಾಲಿಗೆ ಜಾಲಿಯ ಟೊಂಗೆಯೊಂದು ಮುಳ್ಳು ಸಮೇತ ಸಿಕ್ಕಿಕೊಂಡಿತ್ತು. ಸುಷ್ಮಿತಾ ಅಲ್ಲೇ ಎಲ್ಲರನ್ನೂ ಅವರವರ ಬ್ಯಾಗು ಕೈಯಲ್ಲಿ ಹಿಡಿಸಿ ತೂಕಕ್ಕೆ ನಿಲ್ಲಿಸಿದಳು. ಒಂಬತ್ತು ಜನ, ಹನ್ನೊಂದು ಬ್ಯಾಗು: ಹಾಳೆಯಲ್ಲಿ ಇದ್ದದ್ದಕ್ಕಿಂತ ಎಪ್ಪತ್ತು ಕೆಜಿ ಹೆಚ್ಚು. ಶಂಭುಲಿಂಗ ಇಳಿದವನೇ ಪಾಯಖಾನೆಗೆ ಹೋಗಿ, ತೂಕ ಮುಗಿಯುವವರೆಗೆ ಚಿಲಕ ತೆಗೆಯಲಿಲ್ಲ.

ಕಂಪನಿಯವರು ವಿಚಾರಣೆಗೆ ಒಬ್ಬ ಆಫೀಸರಮ್ಮನನ್ನು ಕಳಿಸುತ್ತಾರೆ ಎಂದು ಸುದ್ದಿ ಬಂತು. ಅವಳು ಬರುವ ದಿನ ಬೆಳಿಗ್ಗೆ ಚಿತ್ತವಾಡ್ಗಿಯ ಭಾಗ್ಯಳ ಮನೆಯ ಮುಂದೆ ಶಂಭುಲಿಂಗ ನಿಂತಿದ್ದ. ಕೈಯಲ್ಲಿ ಸುಗಂಧಿ ಬಾಳೆಯ ಗೊನೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ “ಅವ್ವಾ” ಎಂದ.

“ಕುಂದ್ರಿ” ಎಂದಳು ಮುದುಕಮ್ಮ. ಅವನು ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತ.

“ಅವ್ವಾ, ನಾ ಹೇಳಿಬಿಟ್ಟೀನಿ ಆಫೀಸಿಗೆ. ಬ್ಯಾಗು ಎಣಿಸಾಕಿ ನೀವು. ಮೊದ್ಲನೇದಕ್ಕ ಲಾಭ ಅಂತೀರಿ. ಲಾಭ ಅಂದ್ರ ಮ್ಯಾಲಿಂದು, ಪುಕ್ಕಟೆ ಅಂತ ತಿಳಕೊಂಡು ನಾ ಬರಿಲಿಲ್ಲ ಅಂದೀನಿ. ಒಬ್ಬೊಬ್ಬರಿಗೆ ಒಂದು ಲಾಭ, ತಲಿಗೆ ಎಂಟು ಕೆಜಿ ಹಿಡಿದ್ರ ಎಪ್ಪತ್ತರ ಮ್ಯಾಲ ಆಗ್ತೈತಿ, ಸರಿ ಕೂಡ್ತೈತಿ. ನೀವು ಹೂಂ ಅನ್ರಿ ಸಾಕು.”

“ಲಾಭ ಅಂದ್ರ ಏನು ಅಂತ ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಅಂಗಳದಾಗ ದಿನಾ ಕೂಗತಿದ್ರು.”

“ನನಗ ಗೊತ್ತೈತವ್ವ. ಅವ್ರಿಗೆ ಗೊತ್ತಿಲ್ಲಲ್ಲ.” ಅವನು ನಕ್ಕ. “ನಿಮಗೇನೂ ಮಾಡಾಂಗಿಲ್ಲ ಅವ್ರು. ವಯಸ್ಸಾದಾಕಿ, ಓದಿಲ್ಲ, ಹೋಗ್ಲಿ ಬಿಡು ಅಂತಾರ. ಕಸದ ಕೆಲಸಾನೂ ಉಳಿಸಿ ಕೊಡ್ತೀನಿ. ಇಲ್ಲಂದ್ರ ಇಬ್ರೂ ಹೋಗ್ತೀವಿ ನೋಡ್ರಿ. ಆವತ್ತು ಮಿಲ್ಲಿನಾಗ ಅಂದ್ರಲ್ಲ ನಾನ ಇಟ್ಟೆ ಅಂತ? ಹಂಗ ಇವತ್ತೂ ಅನ್ರಿ.”

ಮುದುಕಮ್ಮ ಅವನನ್ನೇ ನೋಡಿದಳು. ಅವನು ಮರೆತಿದ್ದಾನೆ, ಆರು ವರ್ಷದ ಮಗುವಿಗೆ ಏನು ನೆನಪಿದ್ದೀತು ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದಳು. ಅವನು ಮರೆತಿರಲಿಲ್ಲ. ಬೇಕಾದಾಗ ತೆಗೆಯಲು ಜೋಪಾನವಾಗಿ ಇಟ್ಟುಕೊಂಡಿದ್ದ.

“ಬಾಳಿಹಣ್ಣು ಒಯ್ರಿ” ಎಂದಳು. “ಐದು ಕೆಜಿ ಮ್ಯಾಲ ಅದಾವು. ನಾವು ಇಬ್ರ ಇರೋರು, ಕೊಳೀತಾವು.”

ಅವನು ಅದನ್ನು ಹೂಂ ಎಂದೇ ತಿಳಿದ. ತೆಗೆದುಕೊಂಡೇ ಹೋದ.

ಆಫೀಸರಮ್ಮನ ಹೆಸರು ಗಾಯತ್ರಿ, ಬೆಂಗಳೂರಿನ ಕಡೆಯವಳು. ಶೆಡ್ಡಿನಲ್ಲಿ ಮೇಜು ಹಾಕಿಸಿಕೊಂಡು ಕೂತಳು. ಒಂದು ಕಡೆ ಸುಷ್ಮಿತಾ, ಒಂದು ಕಡೆ ಶಂಭುಲಿಂಗ, ಕಸಬರಿಗೆಯ ಮಗ್ಗುಲಲ್ಲಿ ಮುದುಕಮ್ಮ. ಶಂಭುಲಿಂಗ ಲಾಭದ ಕತೆಯನ್ನು ಇಂಗ್ಲಿಷು ಬೆರೆಸಿ ಚೆನ್ನಾಗಿ ಹೇಳಿದ. ಹಳ್ಳಿಯ ಮೂಢನಂಬಿಕೆಯಿಂದ ಎಂಥ ಅನಾಹುತ ಆಗುತ್ತಿತ್ತು ನೋಡಿ ಮೇಡಂ ಎಂದು ತಲೆ ಅಲ್ಲಾಡಿಸಿದ.

“ಹೌದಾ ಅಮ್ಮ? ಇವರು ಹೇಳಿದ ಹಾಗೇನಾ?” ಎಂದಳು ಗಾಯತ್ರಿ.

ಹೂಂ ಎನ್ನಬಹುದಿತ್ತು. ಹೂಂ ಎಂದರೆ ನಾಳೆಯೂ ವ್ಯಾನು ಬರುತ್ತಿತ್ತು. ಆದರೆ ಕಸಬರಿಗೆಗೆ ಮಾತ್ರ, ಕೈಗೆ ಅಲ್ಲ. ತೂಕ ತಪ್ಪಿದವಳ ಕೈಯಲ್ಲಿ ಯಾರು ಬ್ಯಾಗು ಎತ್ತಿಸುತ್ತಾರೆ?

“ಒಂದು ರಾಶಿಗೆ ಒಂದ ಲಾಭ ರೀ” ಎಂದಳು ಮುದುಕಮ್ಮ. “ಮೊದಲನೇ ಬ್ಯಾಗಿಗೆ ಅಷ್ಟ. ಆಳಿಗೊಂದು ಲಾಭ ಎಲ್ಲೂ ಇಲ್ಲ, ಇವ್ರಜ್ಜಾರ ಮಿಲ್ಲಿನಾಗೂ ಇರಲಿಲ್ಲ. ಅವತ್ತಿನ ಬ್ಯಾಗು ನಾ ಹೇಳ್ತೀನಿ, ನೀವು ಕೂಡ್ಸಿ ನೋಡ್ರಿ.”

“ಹನ್ನೆರಡು ದಿನ ಆಯ್ತಲ್ಲಮ್ಮ. ನೆನಪಿದೆಯಾ?”

“ಎತ್ತಿದ್ದು ನೆನಪಿರ್ತೈತ್ರಿ.” ಅವಳು ಕಣ್ಣು ಮುಚ್ಚಿ, ಬಲಗೈಯನ್ನು ಹಿಡಿ ಹಿಡಿದವಳ ಹಾಗೆ ಮಡಿಸಿ ಹೇಳತೊಡಗಿದಳು. “ಲಾಭ, ಹದಿನಾರೂವರಿ. ಕರೇದು, ಗಾಲಿ ಇದ್ದದ್ದು. ಎರಡು, ಹನ್ನೊಂದು. ಮೂರು, ಹದಿನಾಕು. ನಾಕು, ಒಂಬತ್ತೂವರಿ, ಅತ್ತೀದು, ಬರೀ ಸೀರಿ. ಐದು, ಹದಿನೆಂಟು. ಆರು, ಹನ್ನೆರಡು. ಏಳು, ಹದಿಮೂರು. ಎಂಟು, ಇಪ್ಪತ್ತೊಂದು, ಅದರಾಗ ಕಲ್ಲಿನ ಆನಿ. ಒಂಬತ್ತು, ಎಂಟು. ಹತ್ತು, ಹದಿನೈದೂವರಿ. ಹನ್ನೊಂದು, ಹದಿಮೂರೂವರಿ. ಮುಗೀತು.”

ಗಾಯತ್ರಿ ಫೋನಿನಲ್ಲಿ ಕೂಡಿಸಿದಳು. ನೂರಾ ಐವತ್ತೆರಡು. ಶಂಭುಲಿಂಗ ಬರೆದ ಹಾಳೆಯನ್ನು ತಿರುಗಿಸಿ ಬ್ಯಾಗಿನ ಮೊತ್ತ ನೋಡಿದಳು. ನೂರಾ ಐವತ್ತೆರಡು.

“ಲಾಭ ಸೇರಿಸಿಯೇ ಬರೆದಿದ್ದೀರಲ್ಲ ನೀವು” ಎಂದಳು. “ಬ್ಯಾಗು ಸರಿ ಇದೆ. ಹಾಗಾದರೆ ಎಪ್ಪತ್ತು ಕೆಜಿ ಮನುಷ್ಯರಲ್ಲಿ ಹೋಗಿದೆ. ಮನುಷ್ಯರ ತೂಕ ಕೂಗಿದವರು ಯಾರು?”

ಶೆಡ್ಡಿನ ತಗಡು ಬಿಸಿಲಿಗೆ ಟಕ್ ಎಂದಿತು.

“ಇನ್ನೊಂದು ಹೇಳಾದೈತ್ರಿ” ಎಂದಳು ಮುದುಕಮ್ಮ. “ಭಾಳ ಹಿಂದ ಒಮ್ಮಿ ಇವ್ರ ಕಿಸೆದಾಗಿನ ಕಲ್ಲು ನಾನ ಇಟ್ಟೆ ಅಂದಿದ್ದೆ. ಅದು ಸುಳ್ಳು. ನಾ ಇಟ್ಟಿದ್ದಿಲ್ಲ.”

ಗಾಯತ್ರಿಗೆ ಅದು ತಿಳಿಯಲಿಲ್ಲ, ಬರೆದುಕೊಳ್ಳಲೂ ಇಲ್ಲ. ತಿಳಿಯಬೇಕಾದವನು ಬೂಟಿನ ತುದಿ ನೋಡುತ್ತಿದ್ದ.

ಗಾಯತ್ರಿ ಮತ್ತೆ ಹಾಳೆಯ ಮೇಲೆ ಬೆರಳಿಟ್ಟಳು. “ಇಲ್ಲಿ ನಿಮ್ಮ ಹೆಸರೂ ಇದೆ. ಅರವತ್ತು ಕೆಜಿ. ಬನ್ನಿ, ಒಂದು ಸಲ ನಿಲ್ಲಿ.”

“ಮೇಡಂ, ಅದು... ನನಗೆ ಬೆನ್ನು ನೋವು.”

“ನಿಲ್ಲೋದಷ್ಟೇ. ಹೊರೋದಲ್ಲ.”

ಅವನು ಬಾಡಿದ ಚೆಂಡು ಹೂವಿನ ನಡುವೆ ಯಂತ್ರವನ್ನು ಹತ್ತಿದ. ಗಾಜಿನಲ್ಲಿ ಅಂಕಿ ಬರಲಿಲ್ಲ. ಸೆಲ್ಲು ಸತ್ತಿತ್ತು. ಅವನ ಮುಖಕ್ಕೆ ಜೀವ ಬಂತು. ಆದರೆ ಅಷ್ಟರಲ್ಲಿ ಸುಷ್ಮಿತಾ ಮುದುಕಮ್ಮನ ಕಡೆ ತಿರುಗಿದ್ದಳು.

“ಅಮ್ಮ, ನೀವೇ ಹೇಳಿ.”

ಶಂಭುಲಿಂಗ ಮುದುಕಮ್ಮನನ್ನು ನೋಡಿದ. ತುಟಿ ಮಾತ್ರ ಆಡಿಸಿ ‘ಅರವತ್ತು’ ಎಂದ. ತಕ್ಕಡಿಯಲ್ಲಿ ಕೂತು ಬೆರಳು ತೋರಿಸಿದಾಗ ಇದ್ದ ಕಣ್ಣುಗಳೇ. ತಾನು ಹೇಳಿದ್ದನ್ನು ಎದುರಿಗಿದ್ದವಳು ಹೇಳಿಯೇ ಹೇಳುತ್ತಾಳೆ ಎಂಬ ನಂಬಿಕೆ. ಮುದುಕಮ್ಮ ಅವನನ್ನು ಎತ್ತಿ ನೋಡಬೇಕಾಗಿರಲಿಲ್ಲ. ಒಂದು ಸುತ್ತು ಬಂದಳು, ಬೆನ್ನಿನ ಕಡೆಯಿಂದಲೂ ನೋಡಿದಳು, ಬೂಟನ್ನೂ ನೋಡಿದಳು.

“ತೊಂಬತ್ತೆರಡು.”

ಸಂಡೂರಿನಿಂದ ಸೆಲ್ಲು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೂ ಗಾಯತ್ರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲಿಗೂ ಹೋಗಬೇಡಿ ಎಂದಳು. ಸೆಲ್ಲು ಹಾಕಿದ ಮೇಲೆ ಅವನು ಮತ್ತೆ ಹತ್ತಿದ. ಅಂಕಿ ಸ್ವಲ್ಪ ಆಡಿ ನಿಂತಿತು. ತೊಂಬತ್ತೆರಡು. ಗಾಯತ್ರಿ ಆ ಗಾಜಿನ ಫೋಟೋ ತೆಗೆದುಕೊಂಡಳು. ರಾಯಲ್ ತುಲಾಭಾರದಲ್ಲಿ ತೆಗೆದ ಕಡೆಯ ಫೋಟೋ ಅದು.

ಮಧ್ಯಾಹ್ನದೊಳಗೆ ಅವನ ಕೀಲಿಗಳನ್ನು, ಸೀಲನ್ನು ಇಸಿದುಕೊಂಡರು. ಐದು ಪಟ್ಟಿಗಳನ್ನು ಕೇಳಲಿಲ್ಲ, ಅವು ಕಂಪನಿಯವಲ್ಲ. ಸುಷ್ಮಿತಾ ಮುದುಕಮ್ಮನಿಗೆ, ಶುಕ್ರವಾರದಿಂದ ಮನುಷ್ಯರನ್ನೂ ನೀವೇ ನೋಡಿ ಕೂಗಿ, ಟಾಕಿಯ ಹಿಂದೆ ನಿಲ್ಲಬೇಡಿ ಎಂದಳು. ಮುದುಕಮ್ಮ ಮೊದಲು ಯಂತ್ರಕ್ಕೆ ಸುತ್ತಿದ್ದ ಹೂವಿನ ಸರ ಬಿಚ್ಚಿದಳು. ಅದು ಒಂದು ಕಾಲು ಕೆಜಿ ಇತ್ತು.

ಅವಳು ಉದುರಿದ ಹೂವು ಬಳಿಯುತ್ತಿದ್ದಾಗ ಹೊರಗೆ ವ್ಯಾನು ಹಾರ್ನು ಹಾಕಿತು. ವ್ಯಾನು ಹತ್ತಿದ್ದ ಶಂಭುಲಿಂಗ ಇಳಿದು ತಿರುಗಿ ಬಂದ. ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡ. ಬೈಯುತ್ತಾನೇನೋ, ಇಲ್ಲ ತಪ್ಪಾಯಿತು ಎನ್ನುತ್ತಾನೇನೋ ಎಂದು ಮುದುಕಮ್ಮ ಕಸಬರಿಗೆ ನಿಲ್ಲಿಸಿದಳು. ಅವನು ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದ:

“ಮುದುಕಮ್ಮಾ, ಆ ತೊಂಬತ್ತೆರಡು ಬೂಟು ಸೇರಿ ಹೌದಿಲ್ಲೊ? ಬೂಟು ಬಿಟ್ರ ಎಷ್ಟ ಬರ್ತೀನಿ?”